ಅವನು ಹಾಡಿದ ಸುರಗಿ ಹಾಡು

ಅವನು ಸತ್ತ ಮರುದಿನವೇ ವಾಡಿ, ಶಹಾಬಾದ್, ಚಿತ್ತಾಪುರಗಳಲ್ಲಿ ಬ್ಯಾನರ್‌ಗಳು ಎದ್ದವು. ಕಪ್ಪು ಕನ್ನಡಕ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮೈಕು, ಹೆಸರಿನ ಹಿಂದೆ ಮೂರು ಬಿರುದು. ಕೊನೆಯ ವರ್ಷಗಳಲ್ಲಿ ಅವನನ್ನು ಯಾರೂ ಕಾರ್ಯಕ್ರಮಕ್ಕೆ ಕರೆದಿರಲಿಲ್ಲ. ಕರೆದ ಒಂದು ಊರಿನಲ್ಲಿ ಕುಡಿದು ವೇದಿಕೆಯಿಂದ ಬಿದ್ದದ್ದನ್ನು ಇದೇ ಜನ ಮೊಬೈಲಿನಲ್ಲಿ ಹಂಚಿಕೊಂಡು ನಕ್ಕಿದ್ದರು. ಈಗ ಅದೇ ಮೊಬೈಲುಗಳಲ್ಲಿ ಅವನ ಚಿತ್ರ, ಕೆಳಗೆ ಉರಿಯುವ ದೀಪ.

ಅವನ ಹೆಸರು ಬೆಳೆದದ್ದು ಒಂದು ಸುರಗಿ ಹಾಡಿನಿಂದ. ಮದುವೆಗೆ ಮುಂಚೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಷಿಣದ ನೀರು ಎರೆಯುವಾಗ ನಮ್ಮ ಕಡೆಯ ಹೆಂಗಸರು ಹಾಡುವ ಹಾಡು ಅದು. ತೆಂಗಳಿ ಊರಿನ ಹೆಂಗಸರಿಂದ ಕೇಳಿಸಿಕೊಂಡದ್ದನ್ನು ಅವನು ಡೋಲು, ಕೀಬೋರ್ಡು ಹಾಕಿಸಿ ಹಾಡಿದ. ಸಾಲಿನ ನಡುವೆ ಒಂದು ಕ್ಷಣ ತಡೆದು, ‘ಹೋಯ್’ ಎಂದು ಕೂಗಿ, ಮುಂದಿನ ಪದವನ್ನು ಥಟ್ಟನೆ ಮೇಲಕ್ಕೆತ್ತುತ್ತಿದ್ದ. ಅಷ್ಟೇ ಅವನು ಸೇರಿಸಿದ್ದು. ಅಷ್ಟಕ್ಕೇ ಕುಂತವರು ಎದ್ದು ಕುಣಿದರು.

ಹೆಸರು ಜೋರಾಗಿದ್ದ ಕಾಲದಲ್ಲೇ, ಒಂದು ಸಂಜೆ, ವಾಡಿಯಿಂದ ಶಹಾಬಾದಿಗೆ ಬರುವ ರಸ್ತೆಯಲ್ಲಿ ಅವನ ಜೀಪು ನನ್ನ ದೊಡ್ಡಪ್ಪನ ಮಗನ ಬೈಕಿಗೆ ಬಡಿಯಿತು. ಅಣ್ಣ ಫರ್ಸಿ ಕಲ್ಲಿನ ಗಣಿಯ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಸ್ಟೇರಿಂಗ್ ಹಿಡಿದಿದ್ದವನು ಹಾಡುಗಾರನೇ ಎಂದು ಅಣ್ಣ ಹೇಳಿಕೆ ಕೊಟ್ಟ. ಜೀಪು ನಿಲ್ಲಲಿಲ್ಲ, ಒಳಗೆ ಅವನದೇ ಸುರಗಿ ಹಾಡು ನಡೆದಿತ್ತು, ಅದು ದೂರವಾಗುವುದನ್ನು ಕೇಳುತ್ತ ಬಿದ್ದಿದ್ದೆ ಎಂದ. ನ್ಯಾಯಾಲಯದಲ್ಲಿ, ಜೀಪು ಓಡಿಸಿದ್ದು ತಾನು ಎಂದು ಹಾಡುಗಾರನ ಡ್ರೈವರ್ ಒಪ್ಪಿಕೊಂಡ. ಮೂರನೆಯ ಸಾಕ್ಷಿ ಇರಲಿಲ್ಲ. ಆ ದಿನ ನಮ್ಮ ಪತ್ರಿಕೆಗೆ ನಾನು ಬರೆದ ವರದಿಯಲ್ಲಿ ಇದ್ದದ್ದೂ ಇಷ್ಟೇ. ಮನೆಯಲ್ಲಿ ನಾನು ನಂಬುವುದು ಅಣ್ಣನನ್ನು.

ಹಾಡುಗಾರ ಸತ್ತ ವಾರದಲ್ಲೇ ಅಣ್ಣನ ಮಗಳ ಮದುವೆ ಇತ್ತು. ಅಣ್ಣ ಎಲ್ಲರಿಗೂ ಹೇಳಿದ್ದು ಒಂದೇ ಮಾತು: “ಎಲ್ಲಾ ನಿಮ್ಮ ಮನಸಿನಂಗ ಮಾಡ್ರಿ. ಅವನ ಹಾಡು ನನ್ನ ಮನ್ಯಾಗ ಬ್ಯಾಡ.” ಗಂಡಿನ ಕಡೆಯವರು ಒಪ್ಪಿದರು. ಡಿಜೆಯವನಿಗೆ ನಾನೇ ಹೋಗಿ ಹೇಳಿ ಬಂದೆ. ಸುರಗಿಗೆ ಬರುವ ಹೆಂಗಸರಿಗೆ ಹೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಅವರು ಹಾಡುವುದು ಅವನ ಹಾಡು ಎಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ.

ಸುರಗಿಯ ದಿನ ಅಂಗಳದಲ್ಲಿ ನಗು ಜೋರಾಗಿತ್ತು.

“ಇನ್ನಷ್ಟು ಅರಿಷಿಣ ಬಡೀರಿ, ಅಳಿಯಾಗ ಗುರ್ತೇ ಸಿಗಬಾರ್ದು,” ಎಂದಳು ವೈನಿಯ, ಅಂದರೆ ಅಣ್ಣನ ಹೆಂಡತಿಯ, ತಂಗಿ.

“ನಿನ್ನ ಲಗ್ನದಾಗ ಹಂಗೇ ಬಡ್ದಿದ್ವಿ. ನಿನ್ನ ಗಂಡ ಇನ್ನಾ ನಿನ್ನ ಗುರ್ತು ಹಿಡ್ದಿಲ್ಲ ನೋಡು,” ಎಂದು ಮತ್ತೊಬ್ಬಳು ಕುಟುಕಿದಳು.

ನೂಲು ಸುತ್ತುವುದು ಶುರುವಾದಂತೆ ಹೆಂಗಸರು ಹಾಡು ಎತ್ತಿದರು. ಎರಡನೆಯ ಸಾಲಿಗೆ ಅಣ್ಣ ಊರುಗೋಲು ಊರಿಕೊಂಡು ಬಾಗಿಲಿಗೆ ಬಂದ.

“ನಿಲ್ಲಸ್ರಿ. ಈ ಹಾಡ ಬ್ಯಾಡ ಅಂದಿದ್ದೆ ಹೌದಿಲ್ಲ?”

ಹಾಡು ನಿಂತಿತು. ದೊಡ್ಡವ್ವ, ಅಂದರೆ ಅಣ್ಣನ ತಾಯಿ, ನೂಲಿನ ಉಂಡೆ ಹಿಡಿದುಕೊಂಡೇ ತಿರುಗಿದಳು. ತೆಂಗಳಿ ಅವಳ ತವರು.

“ಇದು ನಮ್ಮವ್ವ ಹಾಡಿದ್ದು. ಅವ ಆವಾಗ ಹುಟ್ಟಿದ್ದೇ ಇಲ್ಲ. ಅವ ಹಾಡ್ಯಾನಂತ ನಾ ನಮ್ಮವ್ವನ ಹಾಡು ಬಿಡ್ಲೇನು?”

“ಖರೆ ಅದ ಅವ್ವಾ. ಆದ್ರ ನನಗ ನಿನ್ನವ್ವನ ದನಿ ಕೇಳಸಲ್ಲ. ಅವಂದೇ ಕೇಳಸ್ತದ.”

“ಹಂಗಾರ ಕೇಳು. ಹಳೇ ಪದ್ಧತಿಲಿ ಹಾಡ್ತೀನಿ. ಅವನದು ಎಲ್ಲಿ ಅದ, ತೋರ್ಸು ನನಗ.”

ಅಣ್ಣ ಬಾಗಿಲಲ್ಲೇ ಕುಳಿತ. ದೊಡ್ಡವ್ವ ಒಬ್ಬಳೇ ಹಾಡಿದಳು. ಮೊದಲ ಸಾಲು ನಿಧಾನವಾಗಿ, ಮಗುವನ್ನು ತಟ್ಟುವ ಹಾಗೆ ಬಂತು. ಅಣ್ಣನ ಮುಖ ಸಡಿಲವಾದದ್ದನ್ನು ನೋಡಿದೆ. ಎರಡನೆಯ ಸಾಲಿನ ನಡುವೆ ಹಿಂದೆ ನಿಂತಿದ್ದ ಹುಡುಗಿಯೊಬ್ಬಳ ಬಾಯಿಂದ ‘ಹೋಯ್’ ಬಂದುಬಿಟ್ಟಿತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡವ್ವ ಕಣ್ಣಲ್ಲೇ ಗದರಿ ಮುಂದುವರಿದಳು. ಮೂರನೆಯ ಸಾಲಿನಲ್ಲಿ ಅವಳೇ ತಡೆದಳು. ತಡೆದು, ಮುಂದಿನ ಪದವನ್ನು ಥಟ್ಟನೆ ಮೇಲಕ್ಕೆತ್ತಿದಳು.

ಅವಳಿಗೆ ಗೊತ್ತಾಯಿತು. ಮತ್ತೆ ಮೊದಲಿನಿಂದ ಎತ್ತಿದಳು. ಅದೇ ಜಾಗದಲ್ಲಿ ದನಿ ಮತ್ತೆ ಹಾಗೇ ಮೇಲೆ ಹೋಯಿತು.

ಈಗ ಅವನ ಪ್ರತಿಭೆಯ ಬಗ್ಗೆ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಬಿರುದುಗಳೆಲ್ಲ ಸುಳ್ಳು, ಆದರೆ ಅವನು ದೊಡ್ಡ ಹಾಡುಗಾರ. ಬಾಲ್ಯದಿಂದ ಹಾಡಿಕೊಂಡು ಬಂದ ಮುದುಕಿಯ ಗಂಟಲಿನಿಂದ ಅವಳ ತಾಯಿಯನ್ನು ತೆಗೆದು ತಾನು ಕುಳಿತಿದ್ದ. ಸಾಧಾರಣ ಹಾಡುಗಾರನಾಗಿದ್ದರೆ ಅವನು ಹಾಡಿದ ರೀತಿ ಇಷ್ಟರಲ್ಲಿ ಮರೆತುಹೋಗುತ್ತಿತ್ತು, ಅಣ್ಣನ ಮನೆಗೆ ಅವರ ಹಾಡು ಉಳಿಯುತ್ತಿತ್ತು. ಅವನು ಚೆನ್ನಾಗಿ ಹಾಡಿದ್ದೇ ಈ ಮನೆಗೆ ಎರಡನೆಯ ಪೆಟ್ಟಾಯಿತು.

ಅರಿಷಿಣ ಮೆತ್ತಿಕೊಂಡು ಕುಳಿತಿದ್ದ ಮದುಮಗಳು ಅಪ್ಪನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು.

“ಬಿಡು ಆಯಿ. ಹಾಡ ಬ್ಯಾಡ. ಸುಮ್ನ ನೀರ ಹಾಕ್ರಿ, ಥಂಡಿ ಆಗ್ಲಿಕತ್ತದ.”

ಬೇರೆ ಹಾಡು ಎತ್ತೋಣ ಎಂದು ಒಬ್ಬಳು ಮೆಲ್ಲಗೆ ಅಂದಳು. ಯಾರೂ ಎತ್ತಲಿಲ್ಲ. ಉಳಿದ ನೂಲನ್ನು ಹಾಗೇ ಸುತ್ತಿದರು. ವೈನಿ ಮಗಳ ತಲೆಯ ಮೇಲೆ ನೀರು ಸುರಿದಳು. ಹಾಡಿಲ್ಲದ ಸುರಗಿಯನ್ನು ನಾನು ಅದೇ ಮೊದಲು ನೋಡಿದ್ದು. ಬೇಗ ಮುಗಿಯಿತು.

ಹೆಂಗಸರು ಮದುಮಗಳನ್ನು ಒಳಗೆ ಕರೆದೊಯ್ದ ಮೇಲೆ ದೊಡ್ಡವ್ವ ಒದ್ದೆ ಅಂಗಳದಲ್ಲಿ ತಂಬಿಗೆಗಳನ್ನು ಎತ್ತುತ್ತ ಮಗನ ಮುಂದೆ ನಿಂತಳು.

“ಕಾಲೊಂದೇ ಹೋಗ್ಯಾದ ಅನ್ಕೊಂಡಿದ್ದೆ,” ಎಂದಳು.

ಅಣ್ಣ ಊರುಗೋಲಿಗೆ ಕೈ ಚಾಚಿದ. ನಾನು ತೆಗೆದು ಕೊಟ್ಟೆ.