ಕಣ್ಣಲ್ಲಿ ನೀರು ತರಿಸದ ಕಟ್ಟಿಗೆ

ಸಾತವ್ವನ ಕಟ್ಟಿಗೆ ಕಣ್ಣಲ್ಲಿ ನೀರು ತರಿಸುವುದಿಲ್ಲ ಎಂಬ ಮಾತು ಬೆಳಗಾವಿಯ ಅನಗೋಳದ ಓಣಿಗಳಲ್ಲಿ ಇಪ್ಪತ್ತು ವರ್ಷದಿಂದ ನಡೆದು ಬಂದಿತ್ತು. ಆ ಮಾತು ಹುಟ್ಟಿದ್ದು ಅಲ್ಲಿನ ಮಾಸೂಮಾಳ ಬಾಯಲ್ಲಿ. ಆಕೆಯ ಗಂಡ ಇಸ್ಮಾಯಿಲ ಬೆಳಗಾವಿಯ ಮದುವೆಮನೆಗಳಿಗೆ ಬಿರಿಯಾನಿ ಮಾಡಿಕೊಡುವವನು. ಗ್ಯಾಸಿನ ಮೇಲೆ ಬೆಂದದ್ದು ಬಿರಿಯಾನಿಯಲ್ಲ, ಬಣ್ಣ ಹಚ್ಚಿದ ಅನ್ನ ಎನ್ನುವ ಹಟದ ಮನುಷ್ಯ. ಹಟ ಗಂಡನದು, ಒಲೆಯ ಮುಂದೆ ಕೂತು ಹೊಗೆ ಕುಡಿಯುವ ಪಾಡು ಹೆಂಡತಿಯದು. ಖಾನಾಪುರದ ಆಚೆಯಿಂದ ಸಾತವ್ವನ ಕಟ್ಟಿಗೆ ಬರತೊಡಗಿದ ಮೇಲೆ ಮಾಸೂಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ನಿಂತಿತು. ಅದನ್ನು ಆಕೆ ಕಂಡಕಂಡವರಿಗೆಲ್ಲ ಹೇಳಿದಳು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಸಾತವ್ವನಿಗಿದ್ದದ್ದು ಎರಡೆಕರೆ. ತಗ್ಗಿನಲ್ಲಿ ಭತ್ತ, ದಿಬ್ಬದ ಮೇಲೆ ಗೆಣಸು, ಹಟ್ಟಿಯಲ್ಲಿ ಎರಡು ಎಮ್ಮೆ. ಸಂಕ್ರಾಂತಿ ದಾಟಿ ಹೊಲ ಬರಿದಾದ ಮೇಲೆ ಗಂಡ ಹೆಂಡತಿ ಕಟ್ಟಿಗೆಗೆ ನಿಲ್ಲುತ್ತಿದ್ದರು. ಬದುವಿನ ಮರಗಳಲ್ಲಿ ಗಾಳಿಗೆ ಮುರಿದದ್ದು, ನೆರಳು ಹೆಚ್ಚಾಯಿತೆಂದು ಸವರಿದ್ದು, ಇಷ್ಟೇ ಅವರ ಸರಕು. ಅದನ್ನು ಒಂದು ಪೂರಾ ವರ್ಷ ಚಪ್ಪರದ ಕೆಳಗೆ ಒಣಗಿಸಿ, ಸೀಳಿ, ಒಂದೊಂದು ತುಂಡನ್ನೂ ಇನ್ನೊಂದಕ್ಕೆ ಬಡಿದು ನೋಡುತ್ತಿದ್ದರು. ಒಣಗಿದ್ದು ಟಣ್ ಎನ್ನುತ್ತದೆ. ಹಸಿ ಇದ್ದದ್ದು ದಪ್ ಎಂದು ಸುಮ್ಮನಾಗುತ್ತದೆ. ದಪ್ ಎಂದದ್ದು ಮತ್ತೆ ಚಪ್ಪರಕ್ಕೆ. ಹಸಿ ಕಟ್ಟಿಗೆ ಮಾರುವುದೂ ಹಾಲಿಗೆ ನೀರು ಬೆರೆಸುವುದೂ ಒಂದೇ ಎನ್ನುತ್ತಿದ್ದ ಅವಳ ಗಂಡ ಸತ್ಯಪ್ಪ.

ಹೊಲದ ಮೂಡಣ ಮೂಲೆಯಲ್ಲಿ ಒಂದು ಕೇರಿನ ಮರವಿತ್ತು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರಬೀಜದ ಮರ ಅದು. ಮರಾಠಿಯವರು ಬಿಬ್ಬಾ ಎನ್ನುತ್ತಾರೆ. ಅದರ ಹಾಲು ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಉರಿಸಿದರೆ ಇನ್ನೂ ಕಷ್ಟ, ಹೊಗೆ ಕುಡಿದವರ ಮುಖ ಬಾತು ಕಣ್ಣು ಮುಚ್ಚಿಹೋಗುತ್ತವೆ. ಸಾತವ್ವ ಮದುವೆಯಾಗಿ ಬಂದ ಮರುದಿನವೇ ಸತ್ಯಪ್ಪ ಅವಳನ್ನು ಆ ಮರದ ಹತ್ತಿರ ಕರೆದೊಯ್ದು ಹತ್ತು ಮಾರು ದೂರ ನಿಲ್ಲಿಸಿದ್ದ.

"ಇದರ ಜೋಡಿ ಜಗಳಾ ಬ್ಯಾಡ. ದೂರಿಂದ ಶರಣ ಅನ್ನು, ಸಾಕು."

"ಅತ್ತಿಗೂ ಹಿಂಗ ದೂರಿಂದನ ಶರಣ ಅನ್ನಲೇನ?" ಎಂದು ಹೊಸ ಸೊಸೆ ಕೇಳಿದ್ದಳಂತೆ. ಸತ್ಯಪ್ಪ ಆ ಮಾತನ್ನು ಸಾಯುವ ತನಕ ಹೇಳಿ ನಗುತ್ತಿದ್ದ.

ಅವನು ಹೋಗಿ ಆರು ವರ್ಷವಾಯಿತು. ಮಗ ಬಾಳೇಶ ಹಂಚಿನ ಕಾರ್ಖಾನೆಗೆ ಹೋಗುವವನು. ಕೊಡಲಿ ಸಾತವ್ವನ ಕೈಗೆ ಬಂತು. ಬಂದದ್ದನ್ನು ಅವಳು ಬಿಡಲಿಲ್ಲ. ಕೊಡಲಿ ಹಿಡಿದಾಗ ಗಂಡ ಬಾಜುಕ್ಕೇ ನಿಂತು ಹೇಳಿಕೊಟ್ಟ ಹಾಗೆ ಆಗುತ್ತಿತ್ತು ಅವಳಿಗೆ. ಅದಕ್ಕೇ, ಎರಡು ವರ್ಷದಿಂದ ಕಣ್ಣಿಗೆ ಮಬ್ಬು ಕವಿಯುತ್ತಾ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಕಸಿದುಕೊಳ್ಳುವುದು ಕೊಡಲಿಯನ್ನೇ ಎಂದು ಗೊತ್ತಿತ್ತು.

ಸೊಸೆ ರೂಪಾಲಿಗೆ ಅನುಮಾನ ಬಂದಿತ್ತು. "ಅತ್ತಿ, ಖಾನಾಪುರಕ್ಕ ಹೋಗಿ ಕಣ್ಣ ತೋರ್ಸಕೊಂಡ ಬರೂಣು ಬರ್ರಿ" ಎಂದು ಎರಡು ಸಲ ಕರೆದಿದ್ದಳು.

"ನನ್ನ ಕಣ್ಣಿಗೆ ಏನ ಆಗೇತಿ? ನಿನ್ನ ಮಾರಿ ಮ್ಯಾಲಿನ ಸಿಟ್ಟ ಸೈತ ಕಾಣಾಕತ್ತೈತಿ."

"ನನಗ ಸಿಟ್ಟ ಬಂದಿಲ್ಲರಿ, ನಾ ನಗಾಕತ್ತೇನಿ."

ಸಾತವ್ವ ಎಮ್ಮೆಗೆ ಹುಲ್ಲು ಹಾಕಲು ಎದ್ದು ಹೋದಳು.

ಆ ವರ್ಷ ಇಸ್ಮಾಯಿಲನ ಮನೆಯಲ್ಲೇ ಮದುವೆ ಬಂತು. ಮಾಸೂಮಾಳ ತಂಗಿ ಬಾಣಂತನದಲ್ಲಿ ತೀರಿಕೊಂಡಿದ್ದಳು. ಆ ಕೂಸನ್ನು ಮಾಸೂಮಾಳೇ ಸಾಕಿದ್ದಳು. ಅವಳೇ ಶೈಸ್ತಾ. "ಸಾತಕ್ಕಾ, ನನ್ನ ಮಗಳ ಮದವಿ. ಚೊಲೊ ಕಟಗಿ ಕಳಸ್ರಿ" ಎಂದು ಮಾಸೂಮಾ ತಾನೇ ಫೋನು ಮಾಡಿದಳು.

ಚಪ್ಪರದಲ್ಲಿದ್ದದ್ದು ಸಾಲದಾಯಿತು. ಹಿಂದಿನ ಮಳೆಗಾಲದ ಬಿರುಗಾಳಿಗೆ ಒಂದು ಮತ್ತಿ ಮರದ ಟೊಂಗೆ ಮೂಡಣ ಬದುವಿನ ಮೇಲೆ ಬಿದ್ದು ಅಲ್ಲೇ ಒಣಗಿತ್ತು. ಸೋಮವಾರ ಸಂಜೆ ಸಾತವ್ವ ಅದನ್ನು ಎಳೆದು ತಂದು ಸೀಳಿದಳು. ಮತ್ತಿ ಬೀಳುವಾಗ ಕೇರಿನದೊಂದು ಟೊಂಗೆಯನ್ನೂ ಮುರಿದುಕೊಂಡೇ ಬಿದ್ದಿತ್ತು. ಎರಡೂ ಒಂದೇ ಪೊದೆಯಲ್ಲಿ ತೊಗಟೆ ಉದುರಿ, ಬೂದುಬಣ್ಣಕ್ಕೆ ತಿರುಗಿ ಮಲಗಿದ್ದವು. ಕಣ್ಣಿದ್ದವರಿಗೆ ಗೊತ್ತಾಗುತ್ತಿತ್ತು. ಬಡಿದು ನೋಡಿದಳು, ಟಣ್ ಎಂದಿತು. ಒಣಗಿದ್ದು ಒಣಗಿದ ಹಾಗೆ ಸದ್ದು ಮಾಡುತ್ತದೆಯೇ ಹೊರತು ತಾನು ಯಾವ ಮರ ಎಂದು ಹೇಳುವುದಿಲ್ಲವಲ್ಲ. ಮಂಗಳವಾರ ಟೆಂಪೋ ಬಂದು ಎಲ್ಲವನ್ನೂ ಹೇರಿಕೊಂಡು ಹೋಯಿತು.

ಬುಧವಾರ ಮದುವೆ. ಬೆಳಿಗ್ಗೆ ಚಹಾ ಕುಡಿಯುವಾಗ ಸಾತವ್ವ ಬಲಗೈ ಕೆರೆದುಕೊಂಡಳು. ಇರುವೆ ಕಚ್ಚಿರಬೇಕು ಎಂದುಕೊಂಡಳು. ರೂಪಾಲಿ ಆ ಕೈಯನ್ನು ಬೆಳಕಿಗೆ ಹಿಡಿದಳು. ಮುಂಗೈ ಬಾತಿತ್ತು. ಮಣಿಕಟ್ಟಿನ ಮೇಲೆ ಕಪ್ಪು ಗೆರೆಗಳು, ಗೆರೆಗುಂಟ ಸಣ್ಣ ಬೊಬ್ಬೆಗಳು.

"ಇದೇನ್ರಿ ಅತ್ತಿ? ಕಾದ ಎಣ್ಣಿ ಸಿಡದೈತೇನು?"

ಸಾತವ್ವ ಬೊಬ್ಬೆಗಳ ಮೇಲೆ ಬೆರಳಾಡಿಸಿದಳು. "ಯವ್ವಾ, ಫೋನ ಹಚ್ಚು. ಇಸ್ಮಾಯಿಲಗ ಹಚ್ಚು ಲಗೂನ."

ಮೂರನೆಯ ಸಲಕ್ಕೆ ಇಸ್ಮಾಯಿಲ ಎತ್ತಿದ. ಹಿಂದೆ ಪಾತ್ರೆಗಳ ಗದ್ದಲ.

"ತಮ್ಮಾ, ಒಲಿ ಹಚ್ಚಬ್ಯಾಡ. ಕಟಗ್ಯಾಗ ಬಿಬ್ಬಾ ಬಂದೈತಿ. ನನ್ನ ಕೈಲೇ ತಪ್ಪ ಆಗೇತಿ."

ಗದ್ದಲ ದೂರ ಸರಿಯಿತು. "ಬಿರಿಯಾನಿ ಡೇಗಿನ ಒಲಿ ಇನ್ನಾ ಹಚ್ಚಿಲ್ಲಕ್ಕಾ, ಉಳ್ಳಾಗಡ್ಡಿ ಹೆಚ್ಚಾಕತ್ತೇವಿ. ಯಾವ್ದು ಬಿಬ್ಬಾ, ಯಾವ್ದು ಮತ್ತಿ, ನಮಗೇನ ಗೊತ್ತು? ಇಷ್ಟ ಹೊತ್ತಿನ್ಯಾಗ ಬ್ಯಾರೆ ಕಟಗಿ ಎಲ್ಲಿಂದ ತರ್ಲಿ? ಐನೂರ ಮಂದಿ ಬರಾವರ ಅದಾರು."

"ನಾ ಬರ್ತೀನಿ. ಬಂದ ಆರಿಸಿಕೊಡ್ತೀನಿ. ಅಲ್ಲೀ ಮಟಾ ಕಡ್ಡಿ ಗೀರಬ್ಯಾಡ."

ರೂಪಾಲಿ ಸ್ಕೂಟಿ ತೆಗೆದಳು. ಸಾತವ್ವ ಹಿಂದೆ ಕೂತು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಕಣ್ಣು ಮಬ್ಬಾದರೂ ಕೈ ಮಾಡಿದ ಕೆಲಸ ಅವಳಿಗೆ ಮರೆಯುತ್ತಿರಲಿಲ್ಲ. ಮತ್ತಿಯ ಬಡ್ಡೆ ಮೊದಲು, ಆಮೇಲೆ ಎರಡು ಸೀಳು ಕವಲು, ಕಡೆಗೆ ತೊಡೆಗಾತ್ರದ್ದೊಂದು ಹಗುರ ಟೊಂಗೆ. ಹಗುರ ಅನಿಸಿತ್ತು, ಒಣಗಿದ್ದಕ್ಕೆ ಎಂದುಕೊಂಡಿದ್ದಳು. ಅದನ್ನು ನಾಲ್ಕು ತುಂಡು ಮಾಡಿ, ಒಂದೊಂದನ್ನು ಎರಡಾಗಿ ಸೀಳಿದ್ದಳು. ಎಂಟು. ಪೀರನವಾಡಿ ದಾಟುವ ಹೊತ್ತಿಗೆ ಅವಳಿಗೆ ಖಾತ್ರಿಯಾಗಿತ್ತು. ಎಂಟು ಸಿಗಬೇಕು.

ಅನಗೋಳದಲ್ಲಿ ಮನೆಯ ಬಾಜುವಿನ ಬಯಲಿಗೆ ಪೆಂಡಾಲು ಹಾಕಿದ್ದರು. ಮೂರು ಡೇಗುಗಳ ಕೆಳಗೆ ಕಟ್ಟಿಗೆ ಜೋಡಿಸಿಟ್ಟಿತ್ತು, ಉಳಿದದ್ದು ಗೋಡೆಗೆ ಒಟ್ಟಿತ್ತು. ಇಸ್ಮಾಯಿಲ ಕೈಕಟ್ಟಿ ನಿಂತಿದ್ದ. "ನೋಡ್ರಿ ಅಕ್ಕಾ" ಎಂದ, ಅಷ್ಟೇ.

ಸಾತವ್ವ ನೆಲಕ್ಕೆ ಕೂತಳು. ಒಂದೊಂದು ತುಂಡನ್ನೂ ಎತ್ತಿ ಎರಡು ಕೈಯಲ್ಲಿ ತೂಗಿದಳು, ಸೀಳಿದ ಮೈಯನ್ನು ಉಗುರಿನಿಂದ ಗೀರಿದಳು, ಮೂಸಿದಳು. ಮತ್ತಿಯನ್ನು ಎಡಕ್ಕೆ ಇಟ್ಟಳು. ಹಗುರಾಗಿದ್ದು ಉಗುರಿಗೆ ಮೆತ್ತಗೆ ಸಿಕ್ಕದ್ದನ್ನು ಬಲಕ್ಕೆ. ಮಂದಿ ಸುತ್ತ ನೆರೆದರು.

ರೂಪಾಲಿ ಬಗ್ಗಿ ಕಿವಿಯ ಹತ್ತಿರ ಕೇಳಿದಳು. "ಅತ್ತಿ, ನಿಮಗ ಕಾಣೂದಿಲ್ಲೇನ್ರಿ?"

ಸಾತವ್ವನ ಕೈ ನಿಂತಿತು. ಮೆಲ್ಲಗೆ ಹೇಳಬಹುದಿತ್ತು. ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇಲ್ಲವಾ. ಎರಡ ವರ್ಷ ಆತು. ಮುಚ್ಚಿಟ್ಟಿದ್ನಿ. ಅದಕ್ಕ ಹಿಂಗಾತು."

ಅವಳು ಮತ್ತೆ ಕಟ್ಟಿಗೆಗೆ ಕೈ ಹಾಕಿದಳು. ಬಲಕ್ಕೆ ಏಳು ತುಂಡಾದವು. ರಾಶಿ ಮುಗಿಯಿತು.

"ಇನ್ನೊಂದ ಐತಿ."

"ನಿಮ್ಮ ಮನ್ಯಾಗ ಉಳದಿರಬೇಕಕ್ಕಾ" ಎಂದ ಇಸ್ಮಾಯಿಲ.

"ಇಲ್ಲ. ಎಂಟ ಸೀಳೇನಿ. ಎಂಟೂ ಇಲ್ಲಿಗೆ ಬಂದಾವು. ತಮ್ಮಾ, ಮುಂಜಾನಿಂದ ಏನೂ ಹಚ್ಚೇ ಇಲ್ಲ?"

ಇಸ್ಮಾಯಿಲ ತಿರುಗಿ ಹಿತ್ತಲ ಕಡೆ ನೋಡಿದ. "ಚಹಾ..." ಎಂದವನೇ ಹಿತ್ತಲಿಗೆ ಓಡಿದ.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಮಾಸೂಮಾ ಕೂತಿದ್ದಳು. ನೆಂಟರ ಚಹಾ ಎರಡು ಸಲ ಇಳಿಸಿ ಮೂರನೆಯದಕ್ಕೆ ನೀರಿಟ್ಟಿದ್ದಳು. ಡೇಗಿನ ಒಲೆಗೆ ಬೇಡ ಎಂದದ್ದು ಚಹಾದ ಒಲೆಗೂ ಬೇಡವೇ ಎಂದು ಆ ಗದ್ದಲದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳ ಕಣ್ಣುಗಳಿಂದ ನೀರು ಸುರಿಯುತ್ತಿತ್ತು. "ಇವತ್ತಿನ ಉಳ್ಳಾಗಡ್ಡಿ ಭಾಳ ಖಾರ ಅದಾವು" ಎಂದಳು, ಬಂದವರು ಯಾರೆಂದು ನೋಡದೆಯೇ. ರೆಪ್ಪೆಗಳು ಆಗಲೇ ದಪ್ಪಗಾಗಿದ್ದವು.

ಸಾತವ್ವ ಉರಿಯುತ್ತಿದ್ದ ಕೊಳ್ಳಿಯನ್ನು ಎಳೆದು ನೀರಿಗೆ ಹಾಕಿದಳು. ಮಾಸೂಮಾಳನ್ನು ದೂರಕ್ಕೆ ಕರೆತಂದು ಮುಖಕ್ಕೆ ಮತ್ತೆ ಮತ್ತೆ ನೀರು ಹಾಕಿಸಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಡಾಕ್ಟರು ಬಂದು ಸೂಜಿ ಚುಚ್ಚಿದರು. ಆದರೂ ಮಧ್ಯಾಹ್ನದ ಹೊತ್ತಿಗೆ ಮಾಸೂಮಾಳ ಮುಖ ಬಾತು, ಎರಡೂ ಕಣ್ಣು ಮುಚ್ಚಿಹೋದವು.

ಹೊರಗೆ ನಿಕಾಹ್ ಆಯಿತು. ಊಟವೂ ಆಯಿತು. ಬಿರಿಯಾನಿ ಚೆನ್ನಾಗಿತ್ತೆಂದು ಮಂದಿ ಹೇಳಿ ಹೋದರು. ಗಂಡನ ಮನೆಗೆ ಹೊರಡುವ ಮೊದಲು ಶೈಸ್ತಾ ಒಳಕೋಣೆಗೆ ಬಂದು ಮಂಚದ ಅಂಚಿಗೆ ಕೂತಳು. ಮಾಸೂಮಾ ಕೈಚಾಚಿ ಅವಳ ಹಣೆ, ಮೂಗುತಿ, ಗಲ್ಲ ಮುಟ್ಟಿದಳು. ದುಪಟ್ಟಾದ ಜರಿಯ ಮೇಲೆ ಬೆರಳಾಡಿಸಿದಳು. "ಕೆಂಪ ಅಲಾ?" ಎಂದು ಕೇಳಿದಳು.

"ಹೂಂ ಅಮ್ಮೀ, ಕೆಂಪ" ಎಂದಳು ಶೈಸ್ತಾ.

ಬಾಗಿಲಲ್ಲಿ ನಿಂತ ಸಾತವ್ವ ಕಟ್ಟಿಗೆ ತೂಗಿದ ತನ್ನ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಇಸ್ಮಾಯಿಲ ಬೈಯಲಿಲ್ಲ. ಓಣಿಯ ತುದಿಯ ತನಕ ಕಳಿಸಲು ಬಂದು ಇಷ್ಟು ಮಾತ್ರ ಹೇಳಿದ. "ನೀವು ಫೋನ ಮಾಡಿದ್ದಕ್ಕ ಐನೂರ ಮಂದಿ ಉಳದ್ರು. ಖರೇ ಐತಿ. ಆದ್ರ ಇನ್ನ ಮ್ಯಾಲೆ ಕಟಗಿ ಕಳಸಬ್ಯಾಡ್ರಿ ಅಕ್ಕಾ. ಅಕಿ ಮಗಳ ಮದವಿ ನೋಡ್ಲಿಲ್ಲ."

"ಹೂಂ ತಮ್ಮಾ" ಎಂದಳು ಸಾತವ್ವ.

ಮಾಸೂಮಾಳ ಬಾವು ಇಳಿಯಲು ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ಸಾತವ್ವ ಒಂದು ದಿನ ಬಿಟ್ಟು ಒಂದು ದಿನ ಬಸ್ಸಿಗೆ ಬಂದು, ಗಾಣದ ಕೊಬ್ಬರಿ ಎಣ್ಣೆಯನ್ನು ಹೊಸ್ತಿಲ ಬಳಿ ಇಟ್ಟು ಹೋಗುತ್ತಿದ್ದಳು. ಒಳಗೆ ಕರೆದರೂ ಹೋಗಲಿಲ್ಲ. ಆಮೇಲೆ ರೂಪಾಲಿ ಕರೆದಲ್ಲಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡಳು. ಪಟ್ಟಿ ಬಿಚ್ಚಿದ ದಿನ ಮೂಡಣ ಮೂಲೆಗೆ ಹೋಗಿ ಕೇರಿನ ಮರವನ್ನು ಬಹಳ ಹೊತ್ತು ನೋಡಿದಳು. ಕಡಿಸಿಬಿಡೋಣ ಎಂದ ಬಾಳೇಶ. "ಗಿಡದ್ದೇನ ತಪ್ಪೋ? ಅದು ಇದ್ದಲ್ಲೇ ಐತಿ. ಅದರ ಕಡೆ ಹೋದಾಕಿ ನಾನು" ಎಂದಳು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಮತ್ತೆ ಕೊಡಲಿ ಹಿಡಿದಳು. ಈ ಸಲ ಒಂದು ಹೊಸ ಕೆಲಸ ಸೇರಿತು. ಸೀಳಿದ ಪ್ರತಿ ತುಂಡಿನಿಂದಲೂ ಬೆರಳಗಲದ ಒಂದು ಚಕ್ಕೆ ಎಬ್ಬಿಸಿ ಬುಟ್ಟಿಗೆ ಹಾಕುವುದು. ಕೆಲಸ ಎರಡು ಪಟ್ಟು ನಿಧಾನವಾಯಿತು. "ಈಗ ಕಾಣತೈತೆಲ್ಲರಿ ಅತ್ತಿ, ಮತ್ಯಾಕಿದು?" ಎಂದು ರೂಪಾಲಿ ಕೇಳಿದರೆ, "ಆಗೂ ಕಾಣತೈತಿ ಅಂತನ ಹೇಳ್ತಿದ್ನಿ" ಎಂದಳು.

ಯಾರೂ ಕೇಳದಿದ್ದರೂ ಒಂದು ಹೇರು ಕಟ್ಟಿಗೆ ಸಿದ್ಧ ಮಾಡಿ, ಅದೇ ಟೆಂಪೋದಲ್ಲಿ ತಾನೂ ಕೂತು ಅನಗೋಳಕ್ಕೆ ಬಂದಳು. ಕಟ್ಟಿಗೆ ಇಳಿಸಲಿಲ್ಲ. ಮಾಸೂಮಾಳ ಬಾಗಿಲ ಮುಂದೆ ಮೂರು ಕಲ್ಲು ಇಟ್ಟು, ಬುಟ್ಟಿಯ ಚಕ್ಕೆಗಳನ್ನೆಲ್ಲ ಸುರಿದು, ಕಡ್ಡಿ ಗೀರಿದಳು. ಹೊಗೆ ಎದ್ದಿತು. ಕೇರು ಇದ್ದರೆ ಮೊದಲು ತನಗೇ ತಾಗಲಿ ಎಂಬಂತೆ ಸಾತವ್ವ ಅದರ ಎದುರಿಗೇ ಮುಖ ಒಡ್ಡಿ, ಕಣ್ಣು ತೆರೆದುಕೊಂಡು ಕೂತಳು. ಇಸ್ಮಾಯಿಲ ಹೊರಬಂದು ನೋಡುತ್ತಾ ನಿಂತ.

ಒಳಗಿನಿಂದ ಮಾಸೂಮಾ ಬಂದಳು. ರೆಪ್ಪೆಯ ಮೇಲೆ ಕಪ್ಪು ಕಲೆ ಇನ್ನೂ ಉಳಿದಿತ್ತು. ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಎರಡು ಮಣೆ ತಂದಳು. ಒಂದನ್ನು ಸಾತವ್ವನಿಗೆ ಕೊಟ್ಟಳು. ಇನ್ನೊಂದನ್ನು ಗಾಳಿ ಬರುವ ಕಡೆಗಲ್ಲ, ಹೊಗೆ ಹೋಗುವ ಕಡೆಗೇ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತಳು.

"ಒಂದೀಟು ಸರದ ಕೂಡ್ರಿ ಅಕ್ಕಾ" ಎಂದಳು.

ಚಕ್ಕೆಗಳೆಲ್ಲ ಉರಿದು ಬೂದಿಯಾಗುವ ತನಕ ಇಬ್ಬರೂ ಏಳಲಿಲ್ಲ.