ಕುದುರೆಯ ಕುಬುಸ

ತುಪ್ಪದಲ್ಲಿ ಅಂಟು ಅರಳುವ ವಾಸನೆಗೆ ನಿಮಗೆ ಯಾರ ನೆನಪಾಗುತ್ತದೋ, ನನಗೆ ಮಾತ್ರ ಒಂದು ಕುದುರೆಯದು. ವಿಶಾಖಪಟ್ಟಣದ ನಮ್ಮ ಅಡುಗೆಮನೆಯಲ್ಲಿ ಬಾಣಂತಿ ಮಗಳಿಗೆ ಅಂಟಿನುಂಡಿ ಕಟ್ಟುತ್ತ ಒಬ್ಬಳೇ ನಗುತ್ತಿದ್ದೇನೆ. ಒಳಗೆ ಮೊಮ್ಮಗಳು ಮಲಗಿದ್ದಾಳೆ. ಅವಳ ಮೂಗನ್ನು ವರ್ಣಿಸಲು ನಾನು ಓದಿದ ಮೂರನೆಯ ಇಯತ್ತೆ ಸಾಲದು. ಕುದುರೆಯ ಮಾತಿಗೇ ಬರುತ್ತೇನೆ.

ನಮ್ಮವರ ಬ್ಯಾಂಕ್ ನೌಕರಿಯ ಹಿಂದೆ ಗದಗ ಬಿಟ್ಟು ಬಂದವರು ನಾವು. ಮಗಳನ್ನು ವಿಜಯವಾಡಕ್ಕೆ ಕೊಟ್ಟೆವು. ಅಳಿಯ ತೆಲುಗಿನವನು, ಮದುವೆ ಮೆರವಣಿಗೆಗೆ ಕುದುರೆ ಒಯ್ಯುತ್ತಾನೆ. ಐದು ವರ್ಷದ ಹಿಂದೆ, ಅವರ ಮದುವೆಯಾದ ವರ್ಷವೇ ಮಗಳ ಫೋನು ಬಂತು: "ಅವ್ವಾ, ಕುದುರಿ ಗಬ್ಬ ಐತಿ, ದಿನ ತುಂಬ್ಯಾವು." ಯಾರೂ ಕರೆಯದಿದ್ದರೂ ರೈಲು ಹತ್ತಿದೆ.

ಕುದುರೆಯ ಹೊಟ್ಟೆ ಕೆಳಗೆ ಜಗ್ಗಿತ್ತು, ಬಾಲದ ಬುಡ ಸಡಿಲಾಗಿತ್ತು, ಕೆಚ್ಚಲು ತುಂಬಿತ್ತು. ಎಲ್ಲ ಸರಿ, ಆದರೆ ಕುದುರೆ ಹುಲ್ಲು ಮುಟ್ಟುತ್ತಿರಲಿಲ್ಲ.

"ದಪ್ಪ ಇದ್ದಾಕಿ ಒಂದಿನ ಉಪಾಸ ಇದ್ರ ಚಲೋನ ಅಲ್ಲೇನ್ರಿ?" ಎಂದು ದನದ ಡಾಕ್ಟರನ್ನು ಕೇಳಿದೆ. ಮನುಷ್ಯರ ಲೆಕ್ಕ ಬೇರೆಯಂತೆ. ದಪ್ಪನೆಯ ಗಬ್ಬದ ಕುದುರೆ ಮೇವು ಬಿಟ್ಟರೆ ಮೈಯ ಕೊಬ್ಬೇ ಕರಗಿ ರಕ್ತಕ್ಕಿಳಿದು ಲಿವರಿಗೆ ಕಟ್ಟಿಕೊಳ್ಳುತ್ತದಂತೆ. ತಾಯಿಯೂ ಹೋಗಬಹುದು, ಮರಿಯೂ ಹೋಗಬಹುದು. ಅಳಿಯ ಅದನ್ನು ಕನ್ನಡದಲ್ಲಿ ಹೇಳುತ್ತ ನನ್ನ ಕಡೆ ನೋಡಿದ. ನಾನು ಹೊಟ್ಟೆ ಒಳಗೆಳೆದುಕೊಂಡೆ.

"ಏನೋ ಬಯಕಿ ಇರಬೇಕು. ತೀರಿಸಲಿಲ್ಲಂದ್ರ ಮರಿ ಕಿವಿ ಸೋರತಾವ" ಎಂದೆ.

"ಇಳಕಲ್ ಸೀರಿ ಬೇಕಂದ್ರ ತರತೀಯೇನು?" ಎಂದಳು ಮಗಳು.

ಮಾವಿನಕಾಯಿ ಒಡ್ಡಿದೆ, ರೊಟ್ಟಿ ಒಡ್ಡಿದೆ. ಮುಖ ತಿರುಗಿಸಿತು. ಕೊನೆಗೆ ಉಳಿದದ್ದು ಬಸುರಿಗೆ ಮಾಡುವ ಕುಬುಸ. ಕೊರಳಿಗೆ ಹಸಿರು ಬಳೆಯ ಸರ ಕಟ್ಟಿ, ಆರತಿ ಎತ್ತಿ, ಸೋಬಾನೆ ಶುರು ಮಾಡಿದೆ. ಹಾಡು ಮರೆತಲ್ಲೆಲ್ಲ ತಟ್ಟೆ ಬಡಿಯುವುದು ನನ್ನ ಹಳೆಯ ಚಾಳಿ. ನನಗೆ ಬಹಳ ಹಾಡು ಮರೆತಿದೆ. ಕುದುರೆ ಕಿವಿ ನಿಮಿರಿಸಿ ಒಂದು ಬಾಯಿ ಹುಲ್ಲು ಎಳೆದುಕೊಂಡಿತು. ನಾನು ನಿಂತರೆ ಅದೂ ನಿಂತಿತು.

"ಅತ್ತಯ್ಯಾ, ಆಪಕಂಡಿ, ನಿಲ್ಲಿಸಬೇಡಿ" ಎಂದು ಅಳಿಯ ಬಕೆಟ್ಟು ಬೋರಲು ಹಾಕಿ ಬಡಿಯತೊಡಗಿದ. ಮದುಮಗ ಪೇಟ ಸುತ್ತಿಕೊಂಡು ಹೊರಬರುವ ತನಕ ಬ್ಯಾಂಡಿನವರ ನಡುವೆ ನಿಂತು ಮೇಯುವುದು ಕುದುರೆಯ ರೂಢಿ. ಹೊಟ್ಟೆ ಭಾರವಾಯಿತೆಂದು ಮದುವೆಗೆ ಹೋಗುವುದನ್ನು ಬಿಡಿಸಿದ್ದರು. ಬ್ಯಾಂಡಿಲ್ಲದ ಊಟ ಅದಕ್ಕೆ ಇಳಿಯುತ್ತಿರಲಿಲ್ಲ. ಎದುರಿನ ಗ್ಯಾರೇಜಿನವರು ನಟ್ಟು ಬಿಚ್ಚುವ ಪಾನಾ ಹಿಡಿದು ಬಂದು ಡಬ್ಬ ಬಡಿದರು. "ಪೆಳ್ಳಿ ಎವರಿದಿ?" ಎಂದು ಒಬ್ಬ ಮದುವೆ ಯಾರದೆಂದು ಕೇಳುತ್ತಲೇ ಬಡಿದ.

ಹೀಗೆ ಹೊತ್ತುಹೊತ್ತಿಗೆ ಬಡಿದು ಉಣಿಸಿದೆವು. ಮೊಲೆತುದಿಯಲ್ಲಿ ಮೇಣದಂಥ ಹನಿ ಕಟ್ಟಿದ ಮರುದಿನ ನಸುಕಿಗೆ ಹೆಣ್ಣು ಮರಿ ಹುಟ್ಟಿ, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಎದ್ದು ನಿಂತಿತು. ಹಾಲಿಳಿದ ತಾಯಿಗೆ ಆಮೇಲೆ ಬ್ಯಾಂಡೂ ಬೇಡ, ಬಿನ್ನಹವೂ ಬೇಡ. ಎರಡರಷ್ಟು ಹುಲ್ಲು, ತೊಟ್ಟಿಗಟ್ಟಲೆ ನೀರು. ಬಾಣಂತಿಯೆಂದು ಅಂಟಿನುಂಡಿ ಕಟ್ಟಿದೆ. ಸಿಹಿ ಹೆಚ್ಚಾದರೆ ಕುದುರೆಯ ಗೊರಸು ಕೆಡುತ್ತದೆಂದು ಡಾಕ್ಟರು ಗದರಿದರು. ಬಿಸಾಡಲಾಗದೆ ನಾನೇ ತಿಂದು ಮುಗಿಸಿದೆ.

ಈಗ ಉಂಡಿ ಕಟ್ಟುವಾಗ ಪಕ್ಕದ ಮನೆಯಾಕೆ ಇಣುಕಿ ಕೇಳಿದಳು: "ಮೊದಲನೇ ಮೊಮ್ಮಗಳಾ ಅಮ್ಮಾ?"

"ಅಲ್ಲ, ಎರಡನೇದಾಕಿ" ಎಂದೆ. "ದೊಡ್ಡಾಕಿ ವಿಜಯವಾಡದಾಗ ಅದಾಳ. ಈಗ ಮದವಿಗೆ ಹೋಗಾಕ ಹತ್ಯಾಳ."