ಟೈಲರಕ್ಕನ ಮಳೆಕೋಟು

ಬೀದಿಯವರೆಲ್ಲ ಆಕೆಯನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಹೊಲಿಗೆ ಯಂತ್ರದ ಮುಂದೆ ಕೂತವಳು. ಬೆಟ್ಟ ಹತ್ತುವವರ ಬ್ಯಾಗಿನ ಕಿತ್ತ ಪಟ್ಟಿ, ಕೆಟ್ಟ ಜಿಪ್ಪು ಎಷ್ಟು ಸರಿಮಾಡಿ ಕೊಟ್ಟಿದ್ದಳೋ ಅವಳಿಗೇ ನೆನಪಿಲ್ಲ. ಬೆಟ್ಟ ಮಾತ್ರ ಒಂದನ್ನೂ ಹತ್ತಿರಲಿಲ್ಲ. ಐವತ್ತಾರು ತುಂಬಿದ ವಾರವೇ ಪಟ್ಟು ಹಿಡಿದಳು: "ಈ ಸಲ ನಾನೂ ಬರ್ತೀನಿ."

ಹೇಳಿದ್ದು ತಂಗಿಗೆ. ತಂಗಿ ಶಾಲೆಯಲ್ಲಿ ಆಟದ ಮೇಡಂ, ವರ್ಷಕ್ಕೆ ನಾಲ್ಕು ಬೆಟ್ಟ ಹತ್ತುವವಳು, ಮಾತು ಸ್ವಲ್ಪ ಖಾರ.

"ಬಾ ಅಕ್ಕಾ. ಆದ್ರೆ ಶನಿವಾರ, ಭಾನುವಾರ ಎರಡೂ ದಿನ ಮಳೆ. ಒದ್ದೆ ಮೈಯಲ್ಲಿ ಮೇಲಿನ ಚಳಿ ತಡೆಯೋಕಾಗಲ್ಲ. ಮೊದಲನೇ ತಂಗುದಾಣದಲ್ಲಿ ನಿನ್ನ ಬೆನ್ನು ಮುಟ್ಟಿ ನೋಡ್ತೀನಿ. ನೆಂದಿದ್ರೆ ಅಲ್ಲಿಂದಲೇ ವಾಪಸ್."

"ನಾನು ಹೊಲಿದ ಕೋಟಲ್ಲಿ ನೆನೆಯೋದಾ? ಹೋಗೇ!"

ದಪ್ಪ ಪ್ಲಾಸ್ಟಿಕ್ ಬಟ್ಟೆ ತಂದು ಹಗಲೆಲ್ಲ ಹೊಲಿದಳು. ಪ್ರತಿ ಜೋಡಣೆಗೂ ಎರಡು ಸಾಲು ಸಾಲದೆಂದು ನಾಲ್ಕು ಸಾಲು ಹೊಲಿಗೆ ಹಾಕಿದಳು.

ಶನಿವಾರ ಬೆಳಗ್ಗೆ ಧಾರಾಕಾರ ಮಳೆ. ಟೈಲರಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಸರು ಕಂಡರೆ ನಗು, ಹಳ್ಳ ದಾಟಿದರೆ ಕೇಕೆ.

"ಉಸಿರು ಉಳಿಸ್ಕೋ ಅಕ್ಕಾ," ಎಂದು ತಂಗಿ ಗದರಿದರೂ ಕೇಳುವವರು ಯಾರು?

ಮಧ್ಯಾಹ್ನ ತಂಗುದಾಣ ಸಿಕ್ಕಿತು. ಮೂರು ಕಡೆ ಕಲ್ಲಿನ ಗೋಡೆ, ತಗಡಿನ ಮಾಡು, ಮಲಗಲು ಹಲಗೆ. ತಂಗಿ ಕೋಟಿನೊಳಗೆ ಕೈ ಹಾಕಿದಳು.

"ತೊಯ್ದು ತೊಪ್ಪೆ. ನಡಿ, ಇಳಿಯೋಣ."

ಟೈಲರಕ್ಕ ಇಳಿಯಲು ಏಳಲಿಲ್ಲ. ಕೋಟು ಬಿಚ್ಚಿ ಬೆಳಕಿಗೆ ಹಿಡಿದಳು. ಬಟ್ಟೆಗೆ ಏನೂ ಆಗಿರಲಿಲ್ಲ. ನೀರು ಜಿನುಗುತ್ತಿದ್ದುದು ಹೊಲಿಗೆಯಿಂದಲೇ. ಸೂಜಿ ಚುಚ್ಚಿದಲ್ಲೆಲ್ಲ ಒಂದೊಂದು ತೂತು, ಅದೂ ನಾಲ್ಕು ಸಾಲು! ಅತಿಯಾದರೆ ಅಮೃತವೂ ವಿಷ. ಬೇರೆ ಯಾರಾದರೂ ಹೊಲಿದಿದ್ದರೆ ಕಡಿಮೆ ನೆನೆಯುತ್ತಿದ್ದಳು.

"ಅರ್ಧ ಗಂಟೆ ಕೊಡು ಕಣೇ," ಎಂದಳು.

ಗೋಡೆಯ ಗೂಡಿನಲ್ಲಿ ಯಾರೋ ಬಿಟ್ಟುಹೋದ ಮೇಣದಬತ್ತಿಯ ತುಂಡುಗಳಿದ್ದವು. ಒಂದೊಂದು ಹೊಲಿಗೆಯ ಮೇಲೂ ಮೇಣ ತಿಕ್ಕಿದಳು. ಫ್ಲಾಸ್ಕಿನ ಬಿಸಿನೀರನ್ನು ಸ್ಟೀಲ್ ಲೋಟಕ್ಕೆ ಸುರಿದು, ಲೋಟದ ತಳದಿಂದ ಇಸ್ತ್ರಿಯಂತೆ ಒತ್ತಿ ಮೇಣವನ್ನು ಒಳಕ್ಕಿಳಿಸಿದಳು. ಬೆರಳು ಸುಟ್ಟರೂ ಬಿಡಲಿಲ್ಲ.

ತಂಗಿ ಬಾಟಲಿ ನೀರನ್ನೆಲ್ಲ ಹೊಲಿಗೆಯ ಮೇಲೆ ಸುರಿದಳು. ಒಳಗೆ ಹನಿಯೂ ಇಳಿಯಲಿಲ್ಲ.

"ಒಣ ಅಂಗಿ ಹಾಕ್ಕೋ. ಮೇಲಿನ ತಂಗುದಾಣದಲ್ಲೂ ನೋಡ್ತೀನಿ, ಬಿಡಲ್ಲ. ಅಲ್ಲಿ ನೆಂದಿದ್ರೆ ಇನ್ನು ಮುಂದೆ ನಿನ್ನ ಕರ್ಕೊಂಡು ಬರಲ್ಲ," ಎಂದಳು.

ಮುಂದಿನ ಏರು ಉಸಿರು ಕಟ್ಟಿಸುವಂಥದ್ದು. ಮಳೆ ಕೊಡದಲ್ಲಿ ಹೊಯ್ದಂತೆ ಹೊಯ್ಯುತ್ತಿತ್ತು. ಟೈಲರಕ್ಕ ಬೇರು ಹಿಡಿದು, ಬಂಡೆ ತಬ್ಬಿ, ಒಂದೆಡೆ ಅಂಬೆಗಾಲಿಟ್ಟು ಹತ್ತಿದಳು. ಸಂಜೆಗೆ ಮೇಲಿನ ತಂಗುದಾಣದ ತಗಡು ಕಂಡಾಗ ಐವತ್ತಾರರ ಹೆಂಗಸು ಓಡಿಯೇಬಿಟ್ಟಳು.

ತಂಗಿ ಬಂದವಳೇ ಬೆನ್ನಿಗೆ ಕೈ ಹಾಕಿದಳು. ಮುಖ ಗಂಟಿಕ್ಕಿತು. "ಅಕ್ಕಾ, ಒದ್ದೆ!"

"ಅದು ಮಳೆ ಅಲ್ಲ ಕಣೇ, ಬೆವರು! ನಾನು ಹತ್ತಿದ ಬೆವರು! ಬೇಕಿದ್ರೆ ನೆಕ್ಕಿ ನೋಡು!"

ಆಟದ ಮೇಡಂ ನಿಜಕ್ಕೂ ಬೆರಳನ್ನು ನಾಲಿಗೆಗೆ ತಾಗಿಸಿದಳು.

"ಉಪ್ಪೇ," ಎಂದು ಅಕ್ಕನನ್ನು ತಬ್ಬಿಕೊಂಡಳು.